ಗಂಟೆಗೆ ಮೊದಲಿನ ಅಂಕಿ

ವಿಕ್ರೋಳಿ ದಾಟಿ ಘಾಟ್‌ಕೋಪರ್ ಬರುವಷ್ಟರಲ್ಲಿ, ತಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ ಎಂಬುದು ಬಸವಂತರಾಯನಿಗೆ ತಿಳಿಯಿತು. ಎಡಗೈ ಮೇಲಿನ ಹಿಡಿಕೆಯಲ್ಲಿತ್ತು, ಬಲಗೈಯಲ್ಲಿ ಎರಡು ಹಾಳೆ. ಎದುರಿಗೆ ನಿಂತವನ ಎಣ್ಣೆ ಹಚ್ಚಿದ ತಲೆ ಮೂಗಿಗೆ ತಾಗುತ್ತಿತ್ತು. ಭಾಂಡುಪ್‌ನಿಂದ ಪರೇಲ್‌ವರೆಗೆ ಸೋಮವಾರದ ಬೆಳಗಿನ ಲೋಕಲ್‌ನಲ್ಲಿ ಕಾಲೂರುವುದೇ ಹೆಚ್ಚು, ಅಂಥದ್ದರಲ್ಲಿ ಇವನು ಆ ಅಪರಿಚಿತನ ಭುಜವನ್ನೇ ಮೇಜು ಮಾಡಿಕೊಂಡು ಹಾಳೆ ಹರಡಿ ಓದುತ್ತಿದ್ದ. ಒಂದು ಹೋದ ತಿಂಗಳಿನ ಹಾಳೆ, ಇಪ್ಪತ್ತಾರನೆಯ ಸುತ್ತಿನದು. ಇನ್ನೊಂದು ಅದೇ ಲೆಕ್ಕವನ್ನು ಮತ್ತೆ ಮಾಡಿದ್ದು, ಮೊನ್ನೆ ಶನಿವಾರದ್ದು, ಇಪ್ಪತ್ತನೆಯ ಸುತ್ತಿನದು, ಅದರ ಮೇಲೆ ಅವನೇ ಕೆಂಪು ಶಾಯಿಯಲ್ಲಿ ಅಡ್ಡಡ್ಡ ಬರೆದಿದ್ದ: ಕದ್ದ ಅಂಕಿ. ಆ ಕೆಂಪಿನ ಅಡಿಯ ಅಂಕಿಗಳೂ ಹೋದ ತಿಂಗಳಿನ ಅಂಕಿಗಳೂ ಕೊನೆಯ ಸ್ಥಾನದವರೆಗೆ ಒಂದೇ ಆಗಿದ್ದವು. ಮೊದಲ ಸಾಲು ಕಾಕತಾಳೀಯ ಅಂದುಕೊಂಡ. ಎರಡನೆಯ ಸಾಲು ನೋಡಿದ, ಮೂರನೆಯದು ನೋಡಿದ. ಏಳನೆಯ ಸಾಲಿನವರೆಗೂ ಅದೇ. ತಪ್ಪು ಮಾಡಿದವಳು ಆರು ಸುತ್ತು ಮುಂದಿದ್ದಳು. ಎಣ್ಣೆತಲೆಯವನು ತಿರುಗಿ, ಭಾಯಿಸಾಬ್, ಭುಜ ನನ್ನದು ಅಂದ. ಬಸವಂತರಾಯ ಅವನನ್ನು ನೋಡಿ ನಕ್ಕುಬಿಟ್ಟ. ಅವನಿಗೆ ಆ ಭುಜವನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅವನ ಕಂಪನಿಯದು ಅಣೆಕಟ್ಟುಗಳ ನಕ್ಷೆ ಮಾಡುವ ಕೆಲಸ. ಅಣೆಕಟ್ಟಿನ ಬುಡದ ಮಣ್ಣಿನೊಳಗೆ ನೀರು ಎಲ್ಲಿ ಎಷ್ಟು ಒತ್ತುತ್ತದೆ ಎಂದು ಮೊದಲೇ ಲೆಕ್ಕ ಹಾಕದಿದ್ದರೆ, ಕಟ್ಟಿದ್ದು ಒಂದು ದಿನ ಬುಡಸಮೇತ ಎದ್ದು ಹೋಗುತ್ತದೆ. ಮಣ್ಣಿನ ಚಿತ್ರದ ಮೇಲೆ ಚೌಕುಳಿ ಗೆರೆ ಎಳೆದು, ಗೆರೆ ಕೂಡುವಲ್ಲೆಲ್ಲ ಒಂದು ಬಿಂದು ಇಟ್ಟರೆ, ಪ್ರತಿ ಬಿಂದುವಿನ ಒತ್ತಡ ಅದರ ಸುತ್ತಲಿನ ನಾಲ್ಕು ಬಿಂದುಗಳ ಸರಾಸರಿ. ಇಷ್ಟೇ. ಸಾವಿರ ಬಿಂದುವಿಗೆ ಸಾವಿರ ಸಮೀಕರಣ, ಆದರೆ ಒಂದೊಂದರಲ್ಲೂ ಲೆಕ್ಕಕ್ಕೆ ಬರುವುದು ಐದೇ ಅಂಕಿ, ಮಿಕ್ಕಿದ್ದೆಲ್ಲ ಸೊನ್ನೆ. ಯಾರಿಗೂ ಊರೆಲ್ಲದರ ಸುದ್ದಿ ಬೇಕಿಲ್ಲ, ಅಕ್ಕಪಕ್ಕದ ಮನೆಯ ಸುದ್ದಿ ಸಾಕು. ಮೊದಲು ಅಂದಾಜಿನ ಅಂಕಿ ತುಂಬಿ, ಸರಾಸರಿ ತೆಗೆದು ತಿದ್ದಿ, ಮತ್ತೆ ತೆಗೆದು ಮತ್ತೆ ತಿದ್ದುತ್ತ ಹೋದರೆ ಒಂದು ಹೊತ್ತಿಗೆ ಅಂಕಿಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. ಅದೇ ಉತ್ತರ. ದಕ್ಷಿಣ ಮುಂಬಯಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ, ಒಂದೇ ಲೆಕ್ಕವನ್ನು ಹಲವು ಯಂತ್ರಗಳು ಏಕಕಾಲಕ್ಕೆ ಹಂಚಿಕೊಂಡು ಬಿಡಿಸುವ ಪ್ರೋಗ್ರಾಮು ಬರೆಯಲು ಕಂಪನಿಯಿಂದ ಒಬ್ಬನನ್ನು ಕರೆದಿದ್ದರು. ಒಬ್ಬನನ್ನು ಮಾತ್ರ. ಬಸವಂತರಾಯ ಎರಡು ವರ್ಷದಿಂದ ಇನ್ನೂ ಹುಟ್ಟದ ಆ ಯಂತ್ರಕ್ಕೆ ಪ್ರೋಗ್ರಾಮು ಬರೆಯುತ್ತಲೇ ಇದ್ದ. ಯಂತ್ರ ಇಲ್ಲವಲ್ಲ, ಹಾಗಾಗಿ ನಾಲ್ಕು ಜನರನ್ನು ಸಾಲಾಗಿ ಕೂರಿಸಿ ಅವರನ್ನೇ ಯಂತ್ರ ಮಾಡಿದ್ದ. ಚಿತ್ರವನ್ನು ನಾಲ್ಕು ಪಟ್ಟಿಯಾಗಿ ಸೀಳಿ ಒಬ್ಬೊಬ್ಬರಿಗೆ ಒಂದು ಪಟ್ಟಿ, ಕೈಯಿಂದ ತಿರುಗಿಸುವ ಒಂದು ಲೆಕ್ಕದ ಮಶೀನು, ಏನೇನು ಮಾಡಬೇಕೆಂದು ಟೈಪು ಮಾಡಿದ ಒಂದು ಹಾಳೆ. ನಾಲ್ವರ ಸುತ್ತೂ ಮುಗಿದ ಮೇಲೆ ಅವನು ತನ್ನ ಮೇಜಿನ ಹಿತ್ತಾಳೆ ಗಂಟೆ ಒತ್ತಬೇಕು. ಆಗ ಅಂಚಿನ ಅಂಕಿಗಳ ಚೀಟಿ ಪಕ್ಕದವರಿಗೆ ಹೋಗಬೇಕು. ಗಂಟೆಗೆ ಮೊದಲು ಯಾರೂ ಯಾರ ಅಂಕಿಯನ್ನೂ ಮುಟ್ಟಬಾರದು. ಹೆಸರು ಸೂಚಿಸುವ ಫಾರ್ಮು ಇವತ್ತು ಸಂಜೆಯೊಳಗೆ ಸಂಸ್ಥೆಗೆ ಹೋಗಬೇಕಿತ್ತು.

ಆ ನಿಯಮವನ್ನು ಮುರಿದವಳು ವಾರಿಜಾ. ಎರಡನೆಯ ಮೇಜಿನವಳು, ಮೆಟ್ರಿಕ್ ಆದವಳು; ಉಡುಪಿ ಕಡೆಯಿಂದ ಬಂದು ದಾದರ್‌ನಲ್ಲಿ ಹೋಟೆಲು ನಡೆಸುವ ಅಣ್ಣನ ಮನೆಯಲ್ಲಿದ್ದಳು. ಮೊದಲ ಮೇಜಿನಲ್ಲಿ ದೂಜ, ಅದೇ ಸೀಮೆಯವನು, ಐವತ್ತರ ಆಸುಪಾಸು. ಮಶೀನು ತಿರುಗಿಸುತ್ತ ತುಟಿಯಲ್ಲೇ ಏನೋ ಪಿಟಿಪಿಟಿ ಅನ್ನುವ ಚಾಳಿ ಅವನದು. ದೇವರ ನಾಮ ಹೇಳಿಕೊಳ್ಳುತ್ತಾನೆ ಅಂತಲೇ ಬಸವಂತರಾಯ ವರ್ಷಗಟ್ಟಲೆ ನಂಬಿ, ಸ್ವಲ್ಪ ಗೌರವವನ್ನೂ ಇಟ್ಟುಕೊಂಡಿದ್ದ. ಶನಿವಾರ ಮಧ್ಯಾಹ್ನ ವಾರಿಜಾಳ ಹಾಳೆ ತಾಳೆ ನೋಡುವಾಗ, ಇನ್ನೂ ಚೀಟಿಯೇ ಹೋಗದ ಅಂಕಿಗಳು ಅವಳ ಲೆಕ್ಕದಲ್ಲಿ ಕೂತಿದ್ದನ್ನು ಕಂಡ. ಕೇಳಿದರೆ, ದೂಜಣ್ಣ ಹೇಳಿದ್ದು ಕಿವಿಗೆ ಬಿತ್ತು ಸರ್ ಅಂದಳು. ಜಪವಲ್ಲ, ಅವನು ತುಳುವಿನಲ್ಲಿ ಅಂಕಿ ಓದಿಕೊಳ್ಳುತ್ತಿದ್ದ. ಕೋಣೆಯಲ್ಲಿ ತುಳು ಗೊತ್ತಿದ್ದವಳು ಅವಳೊಬ್ಬಳೇ. ಇದು ಗೊತ್ತಾದಾಗ ಅವನಿಗೆ ನಗು ಬರಬೇಕಿತ್ತು, ಬಂದದ್ದು ರೋಷ. ಎರಡು ವರ್ಷ ದೇವರ ನಾಮ ಎಂದು ನಂಬಿದ ನಾಚಿಕೆಯೂ ಅದರಲ್ಲಿ ಸೇರಿಕೊಂಡಿತ್ತೇನೋ. ಅವಳನ್ನು ಎದ್ದು ನಿಲ್ಲಿಸಿ, ಮೂರು ಜನರ ಮುಂದೆ ಹಾಳೆ ಎತ್ತಿ ಹಿಡಿದು, ಕೆಂಪು ಶಾಯಿಯಲ್ಲಿ ಬರೆದ. ಬರೆದದ್ದನ್ನು ಓದಿಯೂ ಹೇಳಿದ. ಸಾಲದ್ದಕ್ಕೆ ಮೇಲಿನ ಮಹಡಿಯ ಪಾಟಣಕರ ಸಾಹೇಬರಿಗೆ, ಈಕೆ ಶಿಸ್ತಿನ ಕೆಲಸಕ್ಕೆ ಯೋಗ್ಯಳಲ್ಲ ಎಂದು ಚೀಟಿ ಕಳಿಸಿದ. ಅವಳು ಅಳಲಿಲ್ಲ. ಸೆರಗಿನ ತುದಿಯಿಂದ ಮಶೀನಿನ ಮೇಲಿನ ಧೂಳು ಒರೆಸಿ, ಮುಚ್ಚಳ ಹಾಕಿ ಹೋದಳು. ಆ ಒರೆಸಿದ್ದು ಇವನಿಗೆ ಭಾನುವಾರ ಪೂರ್ತಿ ಕಣ್ಣಿಗೆ ಕಟ್ಟಿತ್ತು.

ಭಾನುವಾರ ಅನ್ನ ಬಡಿಸುತ್ತ ಹೆಂಡತಿ ಕಸ್ತೂರಿಬಾಯಿ, ಮುಖ ಯಾಕ ಹಿಂಗದ ಎಂದು ಕೇಳಿದ್ದಳು. ಕಲಬುರ್ಗಿ ಬಿಟ್ಟು ಹನ್ನೊಂದು ವರ್ಷವಾದರೂ ಅವಳ ಮಾತು ಭಾಂಡುಪ್‌ನ ಸಾಲುಮನೆಗಳ ಚಾಳಿನಲ್ಲಿ ಒಂದಕ್ಷರ ಸವೆದಿರಲಿಲ್ಲ. ಆಫೀಸಿನ್ಯಾಗ ಒಬ್ಬಾಕಿ ಕಳವು ಮಾಡ್ಯಾಳ ಅಂದ. ಏನು ಕದ್ದಾಳ್ರೀ ಅಂದಳು ಗಾಬರಿಯಾಗಿ. ಬಾಜೂ ಮೇಜಿನ ಮುದುಕನ ಅಂಕಿ ಅಂದ. ಅವಳು ಸೌಟು ಕೆಳಗಿಟ್ಟಳು. "ಅಂಕಿ ಕದ್ದಾಳಂದ್ರ, ಆ ಮುದುಕಗ ಕಮ್ಮಿ ಬಿದ್ದಾವೇನು?" ನಿನಗೇನು ತಿಳೀತದ ಎಂದು ಗದರಿಸಿ ಊಟ ಬಿಟ್ಟೆದ್ದಿದ್ದ. ಈಗ ಕುರ್ಲಾ ಸ್ಟೇಶನ್ನಿನ ನೂಕುನುಗ್ಗಲಿನಲ್ಲಿ ಆ ಮಾತು ಮೈಮೇಲೆ ಬಂತು. ಯಾರಿಗೆ ಏನು ಕಮ್ಮಿ ಬಿತ್ತು? ಚಾಳಿನ ನಲ್ಲಿಗೆ ನೀರು ಬಂದಾಗ ಮೊದಲು ಕಂಡವಳು ಪಕ್ಕದ ಬಾಗಿಲು ತಟ್ಟುತ್ತಾಳೆ, ಆ ಬಾಗಿಲಿನವಳು ಮುಂದಿನದು ತಟ್ಟುತ್ತಾಳೆ. ಇಡೀ ಸಾಲು ಎದ್ದು ಕೂಡಲಿ, ಆಮೇಲೆ ಹೇಳೋಣ ಎಂದು ಯಾವ ಹುಚ್ಚಿಯೂ ಕೊಡ ಹಿಡಿದು ಕಾಯುವುದಿಲ್ಲ. ಕಾಯಿಸುತ್ತಿದ್ದವನು ತಾನು. ನಾಲ್ಕನೆಯ ಮೇಜಿನ ಅಣವೀರಪ್ಪ ನಿಧಾನ, ಪ್ರತಿ ಕೂಡಿಕೆಯನ್ನೂ ಎರಡು ಸಲ ನೋಡುವ ಮನುಷ್ಯ. ಅವನು ಮುಗಿಸುವವರೆಗೆ ಮೂವರೂ ಕೈಕಟ್ಟಿ ಕೂರುತ್ತಿದ್ದರು, ಮೂರನೆಯ ಮೇಜಿನ ಮೋಹಿನಿ ಉಗುರು ಕಚ್ಚುತ್ತಿದ್ದಳು. ಇವನು ಅದಕ್ಕೆ ಶಿಸ್ತು ಅಂತ ಹೆಸರಿಟ್ಟಿದ್ದ. ಒಂದೇ ಅಂಚಿನಲ್ಲಿ ಹೊಸ ಅಂಕಿ ಸೋರಿದ್ದಕ್ಕೆ ಆರು ಸುತ್ತು ಉಳಿದರೆ, ಮೂರೂ ಅಂಚನ್ನು ತೆರೆದುಬಿಟ್ಟರೆ? ಗಂಟೆಯನ್ನೇ ತೆಗೆದುಬಿಟ್ಟರೆ? ಯಾರೂ ಯಾರಿಗೂ ಕಾಯದ ಯಂತ್ರ. ನಾಲ್ಕಲ್ಲ, ನಲವತ್ತು, ನಾನೂರು. ಪ್ರತಿಯೊಂದೂ ಕಿವಿಗೆ ಬಿದ್ದ ತಾಜಾ ಅಂಕಿಯನ್ನು ಎತ್ತಿಕೊಂಡು ತನ್ನ ಪಾಡಿಗೆ ಓಡುತ್ತಿರುತ್ತದೆ. ದಾದರ್‌ನಲ್ಲಿ ಅರ್ಧ ಡಬ್ಬಿ ಖಾಲಿಯಾಗಿ ಮತ್ತೆ ಅಷ್ಟೇ ತುಂಬಿತು, ಅವನು ಅದನ್ನು ಗಮನಿಸಲೇ ಇಲ್ಲ. ಪಾಟಣಕರರಿಗೆ ಹೇಳಬೇಕಾದ ಇಂಗ್ಲಿಷ್ ವಾಕ್ಯ ಅಷ್ಟರಲ್ಲಿ ತಯಾರಾಗಿ ನಾಲಿಗೆಯ ಮೇಲಿತ್ತು. ಆ ವಾಕ್ಯ ‘ನಾನು’ ಎಂದು ಶುರುವಾಗುತ್ತಿತ್ತು.

ಪರೇಲ್‌ನಲ್ಲಿ ಇಳಿದು ಓಡುವ ಹಾಗೆ ನಡೆದ. ಮೂವತ್ತೇಳು ವಯಸ್ಸಿನವನು, ಕೊಡೆ ಹಿಡಿದವನು, ಹೀಗೆ ಬೀದಿಯಲ್ಲಿ ತನ್ನಷ್ಟಕ್ಕೆ ನಗುತ್ತ ಹೋಗುವುದು ಸರಿಯಲ್ಲ ಅನ್ನಿಸಿದರೂ ನಗು ಬರುತ್ತಿತ್ತು, ಅದರ ಹಿಂದೆಯೇ ವಾರಿಜಾಳ ನೆನಪೂ ಬರುತ್ತಿತ್ತು. ಅವಳು ಬರದೇ ಹೋದರೆ? ಬಂದರೆ ಇನ್ನೂ ಕಷ್ಟ. ಬಂದಿದ್ದಳು. ಕೋಣೆಯ ಬಾಗಿಲಲ್ಲಿ, ತನ್ನ ಮೇಜಿನವರೆಗೆ ಹೋಗದೆ, ಕೈಚೀಲ ಎದೆಗೆ ಒತ್ತಿಕೊಂಡು ನಿಂತಿದ್ದಳು. ಸಾಹೇಬರು ಕರೆದು ಏನು ಹೇಳುತ್ತಾರೋ ಕೇಳಿಕೊಂಡು ಹೋಗಲು ಬಂದಿದ್ದೇನೆ ಅಂದಳು. ಬಸವಂತರಾಯ ಏದುಸಿರು ಬಿಡುತ್ತ, ಆಕೆಯ ಮುಖ ನೋಡದೆ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಎಲ್ಲರನ್ನೂ ಕರೆದು ತೋರಿಸಿದ. ನೋಡ್ರಿ, ಆರು ಸುತ್ತು ಮುಂದ ಅದ ಅಂದ. ಅಣವೀರಪ್ಪ ಕನ್ನಡಕ ಏರಿಸಿ ಪ್ರತಿ ಸಾಲನ್ನೂ ಎರಡು ಸಲ ನೋಡಿ, ಹೌದಲ್ರೀ ಅಂದ. ಇವತ್ತು ಗಂಟೆ ಇಲ್ಲ ಎಂದು ಬಸವಂತರಾಯ ಹೇಳಿದ. ಅಂಚಿನ ಅಂಕಿ ಬಂದ ಕೂಡಲೇ ಪಕ್ಕದವರಿಗೆ ಕೇಳುವ ಹಾಗೆ ಹೇಳಬೇಕು, ಕೇಳಿದವರು ಕೂಡಲೇ ತೆಗೆದುಕೊಳ್ಳಬೇಕು, ಯಾರೂ ಯಾರಿಗೂ ಕಾಯಬಾರದು. ವಾರಿಜಾಬಾಯಿ ಶನಿವಾರ ಮಾಡಿದ ಹಾಗೆ ಎಂದು ಕೊನೆಗೆ ಸೇರಿಸಿದ. ಆ ವಾಕ್ಯದಲ್ಲೇ ಎಲ್ಲ ಮುಗಿಯಿತು, ಕ್ಷಮೆಯೂ ಅದರೊಳಗೇ ಬಂತು ಎಂದು ಅವನಿಗೆ ಅನ್ನಿಸಿತ್ತು.

ವಾರಿಜಾ ಬಾಗಿಲು ಬಿಟ್ಟು ಅಲುಗಲಿಲ್ಲ. "ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ ಸರ್" ಅಂದಳು. ದನಿ ಏರಿರಲಿಲ್ಲ, ಹೋಟೆಲಿನಲ್ಲಿ ಇಡ್ಲಿ ಮುಗಿಯಿತು ಅನ್ನುವವರ ದನಿಯ ಹಾಗಿತ್ತು. "ಶನಿವಾರ ಕಳ್ಳಿ ಆಗಿ ಎದ್ದ ಕುರ್ಚಿ ಅದು. ಇವತ್ತು ಲೆಕ್ಕ ಸರಿ ಬರದಿದ್ದರೆ ಮತ್ತೆ ಕಳ್ಳಿ ನಾನೇ ಅಲ್ವಾ? ನೀವೇ ಕೂತು ನೋಡಿ."

ಮೋಹಿನಿ ಉಗುರು ಕಚ್ಚುವುದನ್ನು ನಿಲ್ಲಿಸಿದಳು. ಬಸವಂತರಾಯನ ಕಿವಿ ಬಿಸಿಯಾಯಿತು. ನಾನು ಇಂಜಿನಿಯರು, ನಾನು ಈ ಕೋಣೆಯ ಮೇಲ್ವಿಚಾರಕ ಎಂಬ ಮಾತು ಗಂಟಲವರೆಗೆ ಬಂದು, ಅಲ್ಲೇ ಇದ್ದ ಇಂಗ್ಲಿಷ್ ವಾಕ್ಯಕ್ಕೆ ಢಿಕ್ಕಿ ಹೊಡೆದು ನಿಂತಿತು. ಮತ್ತೆ ನೋಡುವವರು ಯಾರು ಎಂದು ಕೇಳಿದ, ಸೋತವನ ಹಾಗೆ. ಯಾರ ಅಂಕಿ ಎಷ್ಟು ಅಲುಗುತ್ತಿದೆ ಎಂದು ನಾಲ್ಕೂ ಹಾಳೆ ತಾಳೆ ಹಾಕಿ ಬರೆಯುವವರು ಬೇಕಲ್ಲ. ಅದು ನನಗೆ ಬರುತ್ತದೆ ಅಂದಳು. ಎರಡು ವರ್ಷದಿಂದ ನೀವು ಮಾಡುವುದನ್ನು ನೋಡಿದ್ದೇನೆ ಅಂದಳು. ನೇರ ಹೋಗಿ ಅವನ ಮೇಜಿನ ಹಿಂದೆ ಕೂತಳು. ಕೈಚೀಲವನ್ನು ಅವನ ಗಂಟೆಯ ಪಕ್ಕದಲ್ಲಿಟ್ಟು, ಪೆನ್ಸಿಲ್ ತೆಗೆದುಕೊಂಡಳು. ಬಸವಂತರಾಯ ಎರಡನೆಯ ಮೇಜಿಗೆ ಬಂದ. ಕುರ್ಚಿ ತಗ್ಗಿತ್ತು, ಮೊಣಕಾಲು ಮೇಜಿಗೆ ಬಡಿಯಿತು. ದೂಜನಿಗೆ ಕನ್ನಡದಲ್ಲಿ ಹೇಳಪ್ಪಾ ಅಂದರೆ, ಅವನು ಕೈ ಮುಗಿಯುವವನ ಹಾಗೆ ನೋಡಿ, ಕೈ ಓಡುವಾಗ ಬಾಯಿ ಊರಿನದ್ದೇ ಆಗ್ತದೆ ಸರ್ ಅಂದ. ಆಗ ವಾರಿಜಾ ಒಂದು ಚೀಟಿಯಲ್ಲಿ ತುಳುವಿನ ಒಂದರಿಂದ ಒಂಬತ್ತು ಬರೆದು ಕೊಟ್ಟಳು. ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್, ಎಣ್ಮ, ಒರ್ಂಬ. ಬಿ.ಇ. ಪಾಸಾದವನು ಒಂದನೆಯ ಇಯತ್ತೆಯ ಹುಡುಗನಂತೆ ಅದನ್ನು ಮಶೀನಿಗೆ ಒರಗಿಸಿಕೊಂಡು ಓದಿದ.

ಮೊದಲ ಎರಡು ಸುತ್ತು ಅವನು ಎಲ್ಲರಿಗಿಂತ ಹಿಂದಿದ್ದ. ನಾಲ್ಕು ಅಂಕಿ ಕೂಡಿಸಿ ನಾಲ್ಕರಿಂದ ಭಾಗಿಸುವ ಕೆಲಸವನ್ನು ಎರಡು ವರ್ಷದಿಂದ ಬೇರೆಯವರ ಕೈಯಿಂದ ಮಾಡಿಸಿದ್ದವನಿಗೆ, ಹಿಡಿ ತಿರುಗಿಸುವಾಗ ಮಣಿಕಟ್ಟು ಎಲ್ಲಿ ನೋಯುತ್ತದೆ ಎಂದು ಇವತ್ತೇ ಗೊತ್ತಾಯಿತು. ಹಿಂದುಳಿದೆ ಎಂದು ಅವಸರಪಟ್ಟ. ಆಮೇಲೆ ಹೊಳೆಯಿತು, ಹಿಂದುಳಿದರೆ ಹಿಂದುಳಿಯಲಿ, ತನಗಾಗಿ ಯಾರೂ ಕೂತಿಲ್ಲ, ಎಡಗಡೆ ದೂಜ ಮೂರನೆಯ ಸುತ್ತಿಗೆ ಹೋಗಿಬಿಟ್ಟಿದ್ದಾನೆ, ಹೋದಷ್ಟೂ ತನಗೇ ಒಳ್ಳೆಯ ಅಂಕಿ ಸಿಗುತ್ತದೆ. ಈ ನಿರಾಳ ಅವನಿಗೆ ಹೊಸದು. ಐದನೆಯ ಸುತ್ತಿನ ಹೊತ್ತಿಗೆ ಕೋಣೆ ಸಂತೆಯಾಯಿತು. ದೂಜ ತುಳುವಿನಲ್ಲಿ, ಮೋಹಿನಿ ಹಿಂದಿಯಲ್ಲಿ, ಅಣವೀರಪ್ಪ ಕಲಬುರ್ಗಿ ಕನ್ನಡದಲ್ಲಿ, ನಡುವೆ ಇವನು ಎಡಕ್ಕೆ ಕನ್ನಡ, ಬಲಕ್ಕೆ ಹಿಂದಿ. ನಾಲ್ಕು ಮಶೀನುಗಳ ಕಟಕಟ ಸದ್ದು. ಊಟದ ಡಬ್ಬಿ ಬಂತು, ಯಾರೂ ತೆರೆಯಲಿಲ್ಲ. ಯಾರೂ ತೆರೆಯಬೇಡಿ ಅಂತ ಅವನೇನೂ ಹೇಳಿರಲಿಲ್ಲ. ಅಣವೀರಪ್ಪ ಬಾಳಿನಲ್ಲಿ ಮೊದಲ ಸಲ ಒಂದು ಕೂಡಿಕೆಯನ್ನು ಒಂದೇ ಸಲ ನೋಡಿ ಮುಂದೆ ಹೋದ. ವಾರಿಜಾ ಎದ್ದು ಬಂದು ಹಾಳೆಗಳನ್ನು ನೋಡಿ, ಹೋಗಿ ಬರೆಯುತ್ತಿದ್ದಳು. ಒಂದು ಸಲ ಇವನ ಹಿಂದೆ ನಿಂತು, ಐದನೇ ಸಾಲಿನಲ್ಲಿ ಹಳೇ ಅಂಕಿ ಉಂಟು ಸರ್, ದೂಜಣ್ಣ ಆಗಲೇ ಹೊಸದು ಹೇಳಿಯಾಯಿತು ಅಂದಳು. ತಿದ್ದಿದ. ಹನ್ನೆರಡನೆಯ ಸುತ್ತಿಗೆ ಮೂರನೆಯ ಸ್ಥಾನ ಅಲುಗುವುದು ನಿಂತಿತು. ಅದು ನಿಂತದ್ದನ್ನು ಅವನು ಹಾಳೆಯಲ್ಲಿ ನೋಡುವ ಮೊದಲೇ ಕಿವಿಯಲ್ಲಿ ಕೇಳಿದ. ದೂಜ ಮೊದಲ ಮೂರು ಅಂಕಿಗಳನ್ನು ಹೋದ ಸಲ ಹೇಳಿದ ಹಾಗೇ ಈ ಸಲವೂ ಹೇಳತೊಡಗಿದ್ದ. ಬಸವಂತರಾಯನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಹೋದ ತಿಂಗಳು ಇಲ್ಲಿಗೆ ಮುಟ್ಟಲು ಎರಡು ದಿನ ಹಿಡಿದಿತ್ತು. ಈಗಿನ್ನೂ ಮೂರು ಗಂಟೆ.

ಪಾಟಣಕರ ಸಾಹೇಬರು ಬಂದದ್ದು ಆಗ. ಗದ್ದಲ ಮೇಲಿನ ಮಹಡಿಗೆ ಕೇಳಿಸಿತ್ತು. ಒಂದು ಕೈಯಲ್ಲಿ ಫಾರ್ಮು, ಇನ್ನೊಂದರಲ್ಲಿ ಶನಿವಾರದ ಚೀಟಿ. ಬಾಗಿಲಲ್ಲಿ ನಿಂತು ಅವರು ಕಂಡದ್ದು ಇದು: ಚೀಟಿಯಲ್ಲಿ ಅಯೋಗ್ಯಳು ಎಂದು ಬರೆಸಿಕೊಂಡವಳು ಮೇಲ್ವಿಚಾರಕನ ಕುರ್ಚಿಯಲ್ಲಿದ್ದಾಳೆ, ಬರೆದವನು ಅಂಗಿಯ ತೋಳು ಮಡಚಿ, ಬೆವರಿ, ಅರ್ಥವಾಗದ ಭಾಷೆಯಲ್ಲಿ ಏನೋ ಕೂಗುತ್ತ ಹಿಡಿ ತಿರುಗಿಸುತ್ತಿದ್ದಾನೆ. ಒಳಗೆ ಬಂದು ವಾರಿಜಾಳ ಪಟ್ಟಿ ಎತ್ತಿ ನೋಡಿದರು. ಅವರೂ ಹಳೆಯ ಇಂಜಿನಿಯರು. ಪಟ್ಟಿಯ ಕೆಳಗೆ ಬರುತ್ತ ಅವರ ಹುಬ್ಬು ಮೇಲೇರಿದ್ದು ಬಸವಂತರಾಯನಿಗೆ ಕಂಡಿತು. ಗಂಟೆ ಬಾರಿಸುವುದನ್ನು ಯಾವ ಸುತ್ತಿನಲ್ಲಿ ನಿಲ್ಲಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಶುರುವಿನಿಂದಲೇ ಇಲ್ಲ ಎಂದ. ಮತ್ತೆ ಪಟ್ಟಿ ನೋಡಿ, ಇದು ಯಾರದು ಎಂದು ಕೇಳಿ, ಫಾರ್ಮನ್ನು ಇವನ ಮಶೀನಿನ ಪಕ್ಕದಲ್ಲೇ ಇಟ್ಟು ಪೆನ್ನಿನ ಟೋಪಿ ತೆಗೆದರು. ಹೆಸರಿನ ಜಾಗ ಖಾಲಿಯಿತ್ತು.

ಲೋಕಲ್‌ನಲ್ಲಿ ಕಟ್ಟಿದ ವಾಕ್ಯ ಇನ್ನೂ ಅಲ್ಲೇ ಇತ್ತು, ಒಂದಕ್ಷರ ಸವೆಯದೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಸೋರಿಕೆಯನ್ನು ಮೂರು ಅಂಚಿಗೂ ಹಬ್ಬಿಸಿದವನು ಅವನೇ, ಗಂಟೆ ತೆಗೆದವನು ಅವನೇ. ಅವಳಿಗಾದರೂ ಇದರ ಅರ್ಥ ಗೊತ್ತೇ? ಎರಡು ವರ್ಷ ಊಟ ನಿದ್ದೆ ಬಿಟ್ಟವನು ಯಾರು? ಇದೆಲ್ಲ ಒಂದೇ ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋಗುತ್ತಿರುವಾಗ ವಾರಿಜಾ ಅವನನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು. ಅವಳು ತಲೆ ಬಗ್ಗಿಸಿ ಅಣವೀರಪ್ಪನ ಹಾಳೆ ತಾಳೆ ಹಾಕುತ್ತಿದ್ದಳು, ತನ್ನ ಬಗ್ಗೆ ಈ ಕೋಣೆಯಲ್ಲಿ ಯಾರಾದರೂ ಸತ್ಯ ಹೇಳಿಯಾರು ಎಂಬ ನಿರೀಕ್ಷೆಯನ್ನೇ ಬಿಟ್ಟವಳ ಹಾಗೆ.

"ಅವರದು ಸಾಹೇಬ್" ಅಂದ ಬಸವಂತರಾಯ. ಮರಾಠಿಯಲ್ಲಿ ಹೇಳಹೋಗಿ ಕನ್ನಡದಲ್ಲೇ ಅಂದಿದ್ದ. ಮತ್ತೆ ಮರಾಠಿಯಲ್ಲಿ ಹೇಳಿದ. ವಾರಿಜಾಬಾಯಿಯದು. ಶನಿವಾರವೇ ಮಾಡಿ ತೋರಿಸಿದ್ದರು. ನನಗೆ ತಿಳಿಯಲಿಲ್ಲ, ಕಳವು ಅಂತ ಬರೆದೆ.

ಪಾಟಣಕರರು ಚೀಟಿಯನ್ನೂ ಅವನನ್ನೂ ನೋಡಿದರು. ಹಾಗಾದರೆ ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಕಣ್ಣೆದುರು ಬಂದಾಗ ಕೆಂಪು ಶಾಯಿ ಹಾಕಿದ್ದೀರಿ ಅಂದರು. ಹೌದು ಅಂದ. ಅಂಥವನನ್ನು ಸಂಸ್ಥೆಗೆ ಕಳಿಸಲೇ ಎಂದು ಅವರು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ವಾರಿಜಾಳ ಕಡೆ ತಿರುಗಿ, ನಿಮಗೆ ಇದು ಹೇಗೆ ಹೊಳೆಯಿತು ಎಂದು ಹಿಂದಿಯಲ್ಲಿ ಕೇಳಿದರು. ಅವಳು ಎದ್ದು ನಿಂತಳು. ಹೊಳೆದದ್ದೇನೂ ಇಲ್ಲ ಸಾಬ್ ಅಂದಳು. ಬಿಸಿ ಅನ್ನ ಒಲೆಯಿಂದ ಇಳಿದದ್ದು ಗೊತ್ತಿದ್ದೂ ತಂಗಳು ಬಡಿಸಲು ಕೈ ಬರಲಿಲ್ಲ. ಸಾಹೇಬರು ನಗಲಿಲ್ಲ. ಎಷ್ಟು ಓದಿದ್ದೀರಿ ಎಂದು ಕೇಳಿದರು, ಮೆಟ್ರಿಕ್ ಅಂದಳು. ಪೆನ್ನಿಗೆ ಟೋಪಿ ಹಾಕಿದರು. ಫಾರ್ಮಿನಲ್ಲಿ ಡಿಗ್ರಿ ಕೇಳಿದ್ದಾರೆ, ನಾನೇ ಹೋಗಿ ಅವರ ಹತ್ತಿರ ಮಾತಾಡಿ ಬರುತ್ತೇನೆ, ಈ ಪಟ್ಟಿ ನನ್ನ ಹತ್ತಿರ ಇರಲಿ ಅಂದರು. ಖಾಲಿ ಫಾರ್ಮನ್ನು ಮಡಚಿ ಜೇಬಿಗೆ ಹಾಕಿಕೊಂಡು, ಶನಿವಾರದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ ಮೆಟ್ಟಿಲು ಹತ್ತಿದರು.

ಈಗ ಎದೆಯಲ್ಲಿ ಏನೋ ಕಿತ್ತು ಬರುತ್ತದೆ ಎಂದು ಬಸವಂತರಾಯ ಕಾದ. ಎರಡು ವರ್ಷ ಆ ಮೆಟ್ಟಿಲು ಹತ್ತಿಹೋಯಿತು. ಕಸ್ತೂರಿಗೆ ಏನು ಹೇಳುವುದು, ನಾಳೆಯಿಂದ ಈ ಕೋಣೆಯಲ್ಲಿ ಯಾವ ಕುರ್ಚಿ ತನ್ನದು, ಇವೆಲ್ಲ ಸಾಲುಗಟ್ಟಿ ಬಾಗಿಲಲ್ಲಿ ನಿಂತಿದ್ದವು. ಆದರೆ ಎಡಗಡೆಯಿಂದ ದೂಜ, ಸಾಹೇಬರು ಬಂದು ಹೋದದ್ದರ ಗೊಡವೆಯೇ ಇಲ್ಲದವನ ಹಾಗೆ ಹಿಡಿ ತಿರುಗಿಸಿ, ನಾಲ್, ಆಜಿ, ಒಂಜಿ, ಐನ್ ಅಂದ. ಹೋದ ಸಲ ಕೊನೆಗೆ ‘ನಾಲ್’ ಅಂದಿದ್ದ. ಒಂದೇ ಒಂದು, ಕೊನೆಯ ಸ್ಥಾನದಲ್ಲಿ ಇನ್ನೂ ಅಲುಗುತ್ತಿದೆ. ಚೀಟಿ ನೋಡಲಿಲ್ಲ, ಯೋಚಿಸಲಿಲ್ಲ. ನಾಲ್ಕು ಆರು ಒಂದು ಐದು ಎಂದು ಅವನ ಕೈ ಆಗಲೇ ಬರೆದಿತ್ತು, ಮಶೀನು ಆಗಲೇ ತಿರುಗುತ್ತಿತ್ತು, ಬಲಗಡೆ ಮೋಹಿನಿಗೆ ಬಾಯಿ ಆಗಲೇ ಹೇಳುತ್ತಿತ್ತು. ಅವನಿಗೆ ಕುಣಿಯಬೇಕೆನಿಸುವಷ್ಟು ಖುಷಿಯಾಗಿತ್ತು, ಮತ್ತು ಆ ಖುಷಿಗೆ ಯಾರ ಹೆಸರನ್ನೂ ಬರೆಯಬೇಕಿರಲಿಲ್ಲ.

"ಸರ್" ಅಂದಳು ವಾರಿಜಾ, ಅವನ ಮೇಜಿನ ಹಿಂದಿನಿಂದ, ತಲೆ ಎತ್ತದೆ. "ಏಳನೇ ಸಾಲು ತಪ್ಪಿದೆ. ಇನ್ನೊಮ್ಮೆ ಮಾಡಿ."

ಅವನು ಇನ್ನೊಮ್ಮೆ ಮಾಡಿದ.